ಲಂಗರು ಹಾಕುವ ಮುನ್ನ: ಮಗಳಿಗೊಂದು ಪತ್ರ

ಮಲ್ಲೇಶ್ವರ, ಬೆಂಗಳೂರು

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಅಕ್ಟೋಬರಿನಲ್ಲಿ ಗೆಳತಿಯರೊಡನೆ ಹಾಯಿದೋಣಿಯಲ್ಲಿ ಅಮೆರಿಕದ ಪೂರ್ವ ಕರಾವಳಿಯ ಒಳ ಜಲಮಾರ್ಗದಲ್ಲಿ ನಾರ್ಫೋಕ್‌ನಿಂದ ಮಯಾಮಿಗೆ ಹೊರಡುವುದಾಗಿ ನೀನು ತಿಳಿಸಿದ್ದು ನನಗೆ ಬಹಳ ಸಂತೋಷ ತಂದಿದೆ. ನಿನ್ನ ಅಮ್ಮನಿಗೆ ಮಾತ್ರ ದಿಗಿಲು. ಆ ಜಲಮಾರ್ಗದ ಬಹುಪಾಲು ತೆರೆದ ಸಮುದ್ರದಲ್ಲಿಲ್ಲ, ನದಿ, ಹಿನ್ನೀರು, ಕಾಲುವೆಗಳನ್ನು ಪೋಣಿಸಿಕೊಂಡು ಕರಾವಳಿಯ ಒಳಗೇ ಸಾಗುತ್ತದೆ ಎಂದು ನಕ್ಷೆ ಹರಡಿ ತೋರಿಸಿದ ಮೇಲೆ ತುಸು ಸಮಾಧಾನಗೊಂಡಿದ್ದಾಳೆ. ಹಡಗಿನ ಕೆಲಸದಲ್ಲೇ ಆಯುಷ್ಯ ಕಳೆದ ನಾನು ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಲಂಗರಿನ ವಿಚಾರ.

ಸುಮಾರು 1,090 ಮೈಲಿಯ ಆ ದಾರಿಯಲ್ಲಿ ಸ್ಥಿರ ಸೇತುವೆಗಳ ಕೆಳಗೆ ಸಾಮಾನ್ಯವಾಗಿ 65 ಅಡಿ ತೆರವಿರುತ್ತದೆ, ಮಯಾಮಿಯ ಜೂಲಿಯಾ ಟಟಲ್ ಸೇತುವೆಯ ಕೆಳಗೆ 56 ಅಡಿ ಮಾತ್ರ. ಹೊರಡುವ ಮೊದಲೇ ಹಾಯಿಕಂಬವನ್ನು ತುದಿಯ ಆಂಟೆನಾ ಸಮೇತ ಅಳೆದುಕೊಳ್ಳಿ.

ನಿಜವಾದ ಪರೀಕ್ಷೆ ಜಾರ್ಜಿಯಾದ ಜೌಗು ಹುಲ್ಲಿನ ನಡುವಿನ ತೊರೆಗಳಲ್ಲಿದೆ. ಅಲ್ಲಿ ನೀರು 7ರಿಂದ 9 ಅಡಿ ಏರಿಳಿಯುತ್ತದೆ. ನೀನು ಚಿಕ್ಕಂದಿನಲ್ಲಿ ಕಂಡ ಗಂಗೊಳ್ಳಿ ಅಳಿವೆಯ ಉಬ್ಬರವಿಳಿತ ಅದರ ಮುಂದೆ ಏನೂ ಅಲ್ಲ. ಲಂಗರು ದೋಣಿಯನ್ನು ಹಿಡಿಯುವುದು ತನ್ನ ಭಾರದಿಂದಲ್ಲ. ಎಳೆತ ನೆಲಕ್ಕೆ ಸಮಾನಾಂತರವಾಗಿದ್ದರೆ ಅದು ನೇಗಿಲಿನ ಗುಳದಂತೆ ಕೆಸರಿನೊಳಕ್ಕೆ ಇಳಿಯುತ್ತದೆ, ಎಳೆತ ಮೇಲ್ಮುಖವಾದರೆ ಕಿತ್ತು ಬರುತ್ತದೆ. ಅದಕ್ಕೇ ಆಳಕ್ಕಿಂತ ಹಲವು ಪಟ್ಟು ಉದ್ದದ ಸರಪಳಿ ಬಿಡಬೇಕು. ಇಳಿತದ ವೇಳೆ 8 ಅಡಿ ನೀರಿದೆ ಎಂದುಕೊಳ್ಳೋಣ. ಉಬ್ಬರದಲ್ಲಿ ಅದಕ್ಕೆ ಇನ್ನೂ 8 ಅಡಿ ಸೇರುತ್ತದೆ, ದೋಣಿಯ ಮುಂತುದಿ ನೀರಿನಿಂದ 4 ಅಡಿ ಮೇಲಿರುತ್ತದೆ. ಒಟ್ಟು 20 ಅಡಿಯ ಏಳು ಪಟ್ಟು, ಅಂದರೆ 140 ಅಡಿ ಸರಪಳಿ ಮತ್ತು ಹಗ್ಗವನ್ನು ಬಿಡಬೇಕು. ಕಣ್ಣಿಗೆ ಕಂಡ 8 ಅಡಿಯನ್ನಷ್ಟೇ ಲೆಕ್ಕ ಹಿಡಿದು 56 ಅಡಿ ಬಿಟ್ಟವರ ದೋಣಿ, ಎಲ್ಲರೂ ಮಲಗಿರುವಾಗ ಉಬ್ಬರ ಬಂದು ಜಾರತೊಡಗುತ್ತದೆ.

ಗಾಳಿ, ಸೆಳೆತ ಯಾವುದು ಬಲವಾಗಿದೆಯೋ ಅದಕ್ಕೆ ಮುಖಮಾಡಿ ದೋಣಿಯನ್ನು ನಿಲ್ಲಿಸಿ, ಲಂಗರನ್ನು ಎಸೆಯದೆ ಮೆಲ್ಲಗೆ ಇಳಿಬಿಡಿ. ದೋಣಿ ತಾನಾಗಿ ಹಿಂದೆ ಸರಿಯುವಾಗ ಸರಪಳಿ ಬಿಡುತ್ತಾ ಹೋಗಿ, ಕೊನೆಗೆ ಎಂಜಿನ್ನನ್ನು ಹಿಮ್ಮುಖವಾಗಿ ನಡೆಸಿ ಬಿಗಿಮಾಡಿ. ಆಗ ಬಿಗಿದ ಸರಪಳಿಯ ಮೇಲೆ ಅಂಗೈಯನ್ನು ಹಗುರವಾಗಿಟ್ಟು ನೋಡು: ಗಡಗಡ ನಡುಗುತ್ತಿದ್ದರೆ ಲಂಗರು ತಳದಲ್ಲಿ ಉಜ್ಜುತ್ತಾ ಬರುತ್ತಿದೆ, ಅಲುಗದೆ ನಿಂತರೆ ಹಿಡಿದಿದೆ. ದೋಣಿ ಜಾರಿದರೆ ಎಚ್ಚರಿಸುವ ಫೋನಿನ ಅಲಾರಂ ಇರಲಿ, ಆದರೂ ದಡದ ಎರಡು ಗುರುತುಗಳನ್ನು ಒಂದೇ ಗೆರೆಯಲ್ಲಿ ಕಂಡಿಟ್ಟುಕೊಳ್ಳುವ ಹಳೆಯ ಕ್ರಮವನ್ನೇ ನಾನು ಹೆಚ್ಚು ನಂಬುತ್ತೇನೆ.

ಸುಮಾರು ಆರು ಗಂಟೆಗೊಮ್ಮೆ ಸೆಳೆತ ದಿಕ್ಕು ಬದಲಿಸಿ ದೋಣಿಯನ್ನು ತಿರುಗಿಸುವುದರಿಂದ ಸುತ್ತಲೂ ಅಷ್ಟು ಜಾಗವಿರಬೇಕು, ಆ ತಿರುವಿನ ಹೊತ್ತಿಗೆ ಒಬ್ಬರಾದರೂ ಎದ್ದು ನೋಡಬೇಕು. ರಾತ್ರಿ ಎಲ್ಲ ದಿಕ್ಕಿಗೂ ಕಾಣುವ ಬಿಳಿ ದೀಪ ಉರಿಯುತ್ತಿರಲಿ. ಮುಂದಿನ ತಂಗುದಾಣ ದೂರವೆನಿಸಿದರೆ ಬೆಳಕಿರುವಾಗಲೇ ಹತ್ತಿರದಲ್ಲಿ ನಿಂತುಬಿಡಿ, ಆ ದಿನದ ಮೈಲಿ ಕಡಿಮೆಯಾದರೆ ಆಗಲಿ.

ಅಲ್ಲಿ ಸಂಜೆ ಆರಾದಾಗ ಇಲ್ಲಿ ನಸುಕಿನ ಮೂರೂವರೆಯಾದರೂ ಚಿಂತೆಯಿಲ್ಲ. ಲಂಗರು ಹಿಡಿದ ಕೂಡಲೇ ಸ್ಥಳ, ಆಳ, ಬಿಟ್ಟ ಸರಪಳಿಯ ಉದ್ದ, ಈ ಮೂರನ್ನೂ ಬರೆದು ಕಳುಹಿಸು. ಲೆಕ್ಕವನ್ನು ನಾನೂ ಒಮ್ಮೆ ನೋಡುತ್ತೇನೆ.

ಇಂತು,
ನಿನ್ನ ಅಪ್ಪ