ರಿಯಾದ್‌ನ ಮಾಲ್‌ನಲ್ಲಿ ಪಿನ್ನು ಹಾಕಿಕೊಟ್ಟ ಅಕ್ಕನಿಗೆ

ಸೌದಿ ಅರೇಬಿಯಾದ ರಿಯಾದ್‌ನ ಮಾಲ್‌ನಲ್ಲಿ ಎಸ್ಕಲೇಟರ್‌ಗೆ ನನ್ನ ಅಬಾಯಾದ (ಬಟ್ಟೆಯ ಮೇಲೆ ಹಾಕುವ ಉದ್ದ ನಿಲುವಂಗಿ) ಅಂಚು ಸಿಕ್ಕಿಕೊಂಡಿತು. ಟಿಚ್ ಬಟನ್‌ಗಳೆಲ್ಲ ಕಿತ್ತುಬಂದವು. ಸೌದಿಯಲ್ಲಿ 2019ರಿಂದ ವಿದೇಶಿ ಪ್ರವಾಸಿ ಹೆಂಗಸರಿಗೆ ಅಬಾಯಾ ಕಡ್ಡಾಯವಲ್ಲ, ಮೈಮುಚ್ಚುವ ಸಡಿಲ ಬಟ್ಟೆ ಸಾಕು. ಆದರೆ ಒಳಗೆ ನಾನು ಹಾಕಿದ್ದು ತೋಳಿಲ್ಲದ ಕುರ್ತಾ. ಕೈಕಾಲು ನಡುಗಿತು.

ಮುಖ ಮುಚ್ಚುವ ನಿಕಾಬ್ ಹಾಕಿದ್ದ ಅಕ್ಕ ಒಬ್ಬರು ತಕ್ಷಣ ನನಗೆ ಅಡ್ಡ ನಿಂತರು. ಹೆಂಗಸರ ನಮಾಜ್ ಕೋಣೆಗೆ ಕರೆದೊಯ್ದರು. ಬ್ಯಾಗಿನಿಂದ ಪಿನ್ನು ತೆಗೆದು, ಮೈಗೆ ಚುಚ್ಚದ ಹಾಗೆ ತಮ್ಮ ಬೆರಳು ಒಳಗಿಟ್ಟು, ಕತ್ತಿನಿಂದ ಮೊಣಕಾಲಿನವರೆಗೆ ಒಂದೊಂದೇ ಹಾಕಿದರು. ಎಷ್ಟು ನಿಧಾನ, ಎಷ್ಟು ಜೋಪಾನ! ಉಸಿರು ನಿರಾಳವಾಯಿತು. ಆಮೇಲೆ ಕಣ್ಣಲ್ಲೇ ಅಳೆದು, "ನಿಮಗೆ 58 ಅಲ್ಲ, 54 ಸರಿ" ಅಂದರು. ಅಬಾಯಾ ಸೈಜು ಅಂದರೆ ಉದ್ದದ ಇಂಚು. ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿದ್ದರು. ಅಕ್ಕಾ, ತುಂಬಾ ಥ್ಯಾಂಕ್ಸ್. ಈಗ 54ನ್ನೇ ಹಾಕುತ್ತಿದ್ದೇನೆ.