ನಮ್ಮ ಡ್ರಮ್ ಆವಿಗೆ ಹೊತ್ತಿಕೊಂಡಿತು: ಜೊತೆ ನಿಂತವರಿಗೆಲ್ಲ ನಮಸ್ಕಾರ

ಹೋದ ವಾರ ನಮ್ಮ ರಾಕು ಆವಿಗೆ, ಅಂದರೆ ಮಣ್ಣಿನ ಪಾತ್ರೆಗಳನ್ನು ಕೆಂಪಗೆ ಕಾಯಿಸಿ ಬಿಸಿಯಿರುವಾಗಲೇ ಹೊರತೆಗೆಯುವ ರಾಕು ವಿಧಾನದ ಗೂಡು, ಮೊದಲ ಬಾರಿಗೆ ಪೂರ್ತಿ ಕಾದು ಕೆಂಪಾಯಿತು. ಒಳಗಿಟ್ಟಿದ್ದರಲ್ಲಿ ಒಂದು ತಟ್ಟೆ ಸೀಳಿಹೋಯಿತು, ಬಟ್ಟಲುಗಳು ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದವು. ಫೋಟೊ ನೋಡಿದವರೆಲ್ಲ ಕೇಳುತ್ತಿರುವುದು ಒಂದೇ: “ಆವಿಗೆಯನ್ನೂ ನೀವೇ ಕಟ್ಟಿದ್ರಾ?” ಹೌದು ಅಂದರೆ ಅರ್ಧ ಸುಳ್ಳು. ಕಟ್ಟಿದ್ದು ಮನೆಯಲ್ಲೇ, ಆದರೆ ಅದರ ಒಂದೊಂದು ತೂತನ್ನೂ ಎಲ್ಲಿ ಕೊರೆಯಬೇಕು, ಯಾಕೆ ಕೊರೆಯಬೇಕು ಅಂತ ಹೇಳಿಕೊಟ್ಟವರು ಬೇರೆ ಬೇರೆ ಜನ. ಅವರಲ್ಲಿ ಹೆಚ್ಚಿನವರು ಮಣ್ಣು ಮುಟ್ಟುವವರೇ ಅಲ್ಲ. ಹೆಸರು ಹಾಕಬೇಡಿ ಅಂತ ಕೆಲವರು ಮೊದಲೇ ಹೇಳಿಬಿಟ್ಟಿದ್ದಾರೆ, ಅದಕ್ಕೇ ಯಾರದನ್ನೂ ಹಾಕಿಲ್ಲ. ಓದುತ್ತಾ ಹೋದರೆ ಅವರವರಿಗೆ ಗೊತ್ತಾಗುತ್ತದೆ.

ಮೊದಲು ವೆಲ್ಡಿಂಗ್ ಅಣ್ಣ. 200 ಲೀಟರಿನ ಹಳೆ ಎಣ್ಣೆ ಡ್ರಮ್ ಉರುಳಿಸಿಕೊಂಡು ಹೋದಾಗ ಅವರು ಕಟರ್ ಕೈಗೇ ತೆಗೆದುಕೊಳ್ಳಲಿಲ್ಲ. “ಇದರಲ್ಲಿ ಏನಿತ್ತು ಅಂತ ಹೇಳಿ, ಆಮೇಲೆ ಮಾತು” ಅಂದರು. ಖಾಲಿ ಅಂತ ಕಾಣುವ ಡ್ರಮ್ಮಿನೊಳಗೂ ಎಣ್ಣೆಯ ಹಬೆ ಉಳಿದಿರುತ್ತದೆ. ಕಿಡಿ ತಗುಲಿದರೆ ಡ್ರಮ್ಮೇ ಸಿಡಿಯುತ್ತದೆ. ಸೋಪಿನ ನೀರಲ್ಲಿ ಚೆನ್ನಾಗಿ ತೊಳೆಸಿ, ಕತ್ತರಿಸುವ ಗೆರೆಯ ಸ್ವಲ್ಪ ಕೆಳಗಿನವರೆಗೂ ನೀರು ತುಂಬಿಸಿ ನಿಲ್ಲಿಸಿದ ಮೇಲೆಯೇ ಕೆಲಸ ಶುರು ಮಾಡಿದ್ದು. ಮೇಲ್ಗಡೆ ಹೊಗೆ ಹೋಗಲು ಒಂದು ತೂತು, ಬುಡದಲ್ಲಿ ಬರ್ನರಿಗೆ ಸುಮಾರು 10 ಸೆಂಟಿಮೀಟರಿನ ಇನ್ನೊಂದು. ಬುಡದ ತೂತನ್ನು ನಡುಮಧ್ಯಕ್ಕೆ ಗುರಿಯಿಡದೆ ಸ್ವಲ್ಪ ಓರೆಯಾಗಿ ಕೊರೆದುಕೊಟ್ಟರು. ಬೆಂಕಿ ನೇರವಾಗಿ ಪಾತ್ರೆಗೆ ಬಡಿಯದೆ ಗೋಡೆಗುಂಟ ಸುತ್ತು ಹಾಕಲಿ ಅಂತ. ಅವರು ಜನ್ಮದಲ್ಲಿ ಒಂದು ಮಡಕೆ ಸುಟ್ಟವರಲ್ಲ, ಆದರೆ ಬೆಂಕಿ ಹೇಗೆ ಓಡುತ್ತದೆ ಅನ್ನುವುದು ಅವರ ಕಣ್ಣಿಗೆ ಕಾಣುತ್ತದೆ.

ಇನ್ನು ಕಾರ್ಖಾನೆಯ ಫರ್ನೇಸ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರು. ನಿಮ್ಮ ಋಣ ದೊಡ್ಡದು ಸರ್. ಇಟ್ಟಿಗೆಯ ಗೂಡು ಕಟ್ಟುವ ನನ್ನ ಹುಚ್ಚನ್ನು ಬಿಡಿಸಿದ್ದು ನೀವು. ದಪ್ಪ ಇಟ್ಟಿಗೆ ಮೊದಲು ತಾನು ಕಾಯುತ್ತದೆ, ಆಮೇಲೆ ಪಾತ್ರೆಯನ್ನು ಕಾಯಿಸುತ್ತದೆ, ಆ ಹೊತ್ತಿಗೆ ಅರ್ಧ ಗ್ಯಾಸ್ ಮುಗಿದಿರುತ್ತದೆ ಅಂತ ವಿವರಿಸಿದಿರಿ. ಸೆರಾಮಿಕ್ ಫೈಬರ್ ಕಂಬಳಿಯ, ಅಂದರೆ ಕಾವು ತಡೆಯುವ ನಾರಿನ ಹಾಸಿನ, ವಿಷಯವೇ ಬೇರೆ. 25 ಮಿಲಿಮೀಟರ್ ದಪ್ಪ, ಘನ ಮೀಟರಿಗೆ 128 ಕಿಲೋ ಸಾಂದ್ರತೆ, 1260 ಡಿಗ್ರಿ ಸೆಲ್ಸಿಯಸ್ ತಡೆಯುವ ದರ್ಜೆ. ಇಡೀ ಡ್ರಮ್ಮಿನ ಗೋಡೆಗೂ ಮೇಲ್ಭಾಗಕ್ಕೂ ಒಂದು ಪದರ ಹೊದಿಸಿದರೆ ಕಂಬಳಿಯ ತೂಕ ಆರು ಕಿಲೋ ಆಸುಪಾಸು, ಅಷ್ಟೇ. ಹಗುರವಾಗಿರುವುದರಿಂದಲೇ ಒಂದು ಗಂಟೆಯೊಳಗೆ ಒಳಗೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹಗುರವಾಗಿರುವುದರಿಂದಲೇ ಡ್ರಮ್ಮನ್ನು ಹಗ್ಗ ಕಟ್ಟಿ ಟೊಪ್ಪಿಗೆ ಎತ್ತಿದ ಹಾಗೆ ಮೇಲೆತ್ತಲೂ ಆಗುತ್ತದೆ.

ಕಂಬಳಿಯನ್ನು ಗೋಡೆಗೆ ಹಿಡಿಸುವ ಉಪಾಯವೂ ನಿಮ್ಮದೇ. ಜೇಡಿಮಣ್ಣಿನಲ್ಲಿ ಎರಡು ಕಣ್ಣಿನ ಗುಂಡಿಗಳನ್ನು ಮಾಡಿ ಸುಟ್ಟುಕೊಳ್ಳುವುದು, ಕಂಬಳಿಯ ಒಳಮೈಗೆ ಗುಂಡಿಯಿಟ್ಟು ನೈಕ್ರೋಮ್ ತಂತಿಯನ್ನು ಡ್ರಮ್ಮಿನ ಹೊರಗೆ ಎಳೆದು ತಿರುಚುವುದು. ಮಾಮೂಲಿ ಕಬ್ಬಿಣದ ತಂತಿಯಾದರೆ ಕೆಲವೇ ಸುಡುವಿಕೆಯಲ್ಲಿ ಹಕ್ಕಳೆ ಎದ್ದು ತುಂಡಾಗುತ್ತದಂತೆ. ಇನ್ನು ಮಾಸ್ಕಿನ ವಿಷಯದಲ್ಲಿ ನೀವು ಮಾಡಿದ ಗದರಿಕೆ! ಬಟ್ಟೆ ಸುತ್ತಿಕೊಂಡರೆ ಸಾಲದು, ಸಣ್ಣ ಕಣ ತಡೆಯುವ ಫಿಲ್ಟರಿನ ಮಾಸ್ಕೇ ಬೇಕು, ಕೈತುಂಬ ಅಂಗಿ ಬೇಕು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಫೈಬರ್ ಬಹಳ ಸಲ ಹೆಚ್ಚು ಕಾವು ಕಂಡ ಮೇಲೆ ಅದರೊಳಗೆ ಕ್ರಿಸ್ಟೊಬಲೈಟ್ ಎಂಬ ಸಿಲಿಕಾ ರೂಪ ಹುಟ್ಟುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಾಗಾಗಿ ಹಾಕುವಾಗಿನಷ್ಟೇ ಎಚ್ಚರ, ಅದಕ್ಕಿಂತ ಹೆಚ್ಚೇ ಅನ್ನಿ, ಹಳೆಯದನ್ನು ಕಿತ್ತು ತೆಗೆಯುವಾಗಲೂ ಬೇಕು. ಮನೆಯಲ್ಲೇ ಕಟ್ಟುವವರಲ್ಲಿ ಎಷ್ಟೋ ಜನ ಈ ಮಾತನ್ನು ಹಾರಿಸಿಬಿಡುತ್ತಾರೆ. ಇದನ್ನು ಓದಿ ಆವಿಗೆ ಕಟ್ಟಲು ಹೊರಡುವವರು ದಯವಿಟ್ಟು ಹಾರಿಸಬೇಡಿ.

ಗ್ಯಾಸ್ ಜೋಡಿಸಿಕೊಟ್ಟ ಅಕ್ಕನಿಗೆ ನನ್ನ ಅತಿಪ್ರಶ್ನೆಗಳನ್ನು ಸಹಿಸಿದ್ದಕ್ಕೇ ಮೊದಲ ವಂದನೆ. ಸುಡುವ ನಡುವೆ ಸಿಲಿಂಡರಿನ ಹೊರಮೈಯಲ್ಲಿ ಮಂಜು ಕಟ್ಟಿ ಉರಿ ಸಣ್ಣಗಾದಾಗ ನಾವೆಲ್ಲ ಗಾಬರಿ. ಅಕ್ಕ ಕೂತಲ್ಲಿಂದ ಏಳಲೂ ಇಲ್ಲ. ಒಳಗಿನ ದ್ರವ ಗ್ಯಾಸಾಗಬೇಕಾದರೆ ಶಾಖ ಬೇಕು, ಅದನ್ನು ಅದು ತನ್ನ ಮೈಯಿಂದಲೇ ಹೀರಿಕೊಳ್ಳುತ್ತದೆ. ಬೇಗ ಬೇಗ ಎಳೆದರೆ ಸಿಲಿಂಡರ್ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ನಿಲ್ಲಿಸಿದರೆ ಆಯಿತು, ಬೆಂಕಿಯನ್ನಂತೂ ಹತ್ತಿರ ತರಲೇಬಾರದು. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ಹೋಗಿ ಕೂರುತ್ತದೆ ಅಂತ ಆವಿಗೆಯನ್ನು ಶೆಡ್ಡಿನಿಂದ ಬಯಲಿಗೆ ಎಳೆಸಿದ್ದೂ ಅವರೇ. ಆಗ ನನಗೆ ಸಿಟ್ಟು ಬಂದಿತ್ತು, ಈಗ ಇಲ್ಲ.

ಮಣ್ಣಿನ ಮೇಷ್ಟ್ರ ಬಗ್ಗೆ ಎಷ್ಟು ಬರೆದರೂ ಕಡಿಮೆ. ಮಣ್ಣಿಗೆ ಧಾರಾಳವಾಗಿ ಗ್ರಾಗ್, ಅಂದರೆ ಸುಟ್ಟು ಪುಡಿ ಮಾಡಿದ ಮಣ್ಣು, ಬೆರೆಸಲು ಹೇಳಿದವರು ಅವರು. ಮೊದಲ ಸುಡುವಿಕೆಯನ್ನು 1000 ಡಿಗ್ರಿಯ ಹತ್ತಿರ ನಿಲ್ಲಿಸಿ ಮೈ ರಂಧ್ರಮಯವಾಗಿಯೇ ಇರಲಿ ಅಂದರು. ಪೂರ್ತಿ ಬಿಗಿದುಕೊಂಡ ಮಣ್ಣು ರಾಕುವಿನ ಹಠಾತ್ ಚಳಿಯನ್ನು ತಡೆಯುವುದಿಲ್ಲ. ಜೊತೆಗೆ, ನಾವು ಮಾಡುತ್ತಿರುವುದನ್ನು ಜಪಾನಿನ ಪ್ರಾಚೀನ ವಿದ್ಯೆ ಅಂತ ಹೇಳಿಕೊಂಡು ತಿರುಗಬೇಡಿ ಅಂತಲೂ ತಾಕೀತು ಮಾಡಿದರು. 16ನೇ ಶತಮಾನದ ಕ್ಯೋಟೊದಲ್ಲಿ ಚೋಜಿರೊ, ಚಹಾ ಗುರು ಸೆನ್ ನೋ ರಿಕ್ಯೂ ಅವರ ಅಭಿರುಚಿಗೆ ತಕ್ಕಂತೆ, ತಿಗರಿಯಿಲ್ಲದೆ ಕೈಯಲ್ಲೇ ರೂಪಿಸಿದ ಚಹಾ ಬಟ್ಟಲುಗಳು ಮೂಲ ರಾಕು. ಆ ಮನೆತನ ಇಂದಿಗೂ ಅದೇ ಕೆಲಸದಲ್ಲಿದೆ. ಕೆಂಪಗೆ ಕಾದದ್ದನ್ನು ಮರದ ಹೊಟ್ಟಿಗೆ ಹಾಕಿ ಹೊಗೆ ಹಿಡಿಸುವುದು ಅಲ್ಲಿನದಲ್ಲ. ಅದು ಅಮೆರಿಕದ ಪಾಲ್ ಸೋಲ್ಡ್‌ನರ್ 1960ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ದಾರಿ. ಇಬ್ಬರಿಗೂ ಸಲ್ಲಬೇಕಾದ್ದು ಸಲ್ಲಲಿ.

ಸುಡುವ ದಿನ ಮೇಷ್ಟ್ರು ಕಾವು ಅಳೆಯುವ ಥರ್ಮೋಕಪಲ್ಲಿನ ಅಂಕಿ ನೋಡಲು ಬಿಡಲಿಲ್ಲ. ಅದು ತಾನಿರುವ ಜಾಗದ ಕಾವನ್ನಷ್ಟೇ ಹೇಳುತ್ತದೆ, ಪಾತ್ರೆಯ ಮೈ ನೋಡು ಅಂದರು. ಕಪ್ಪು ಕನ್ನಡಕ ಹಾಕಿ ಇಣುಕಿದರೆ ಮೊದಲು ಮೆರುಗು, ಅಂದರೆ ಪಾತ್ರೆಗೆ ಬಳಿದ ಗಾಜಿನಂಥ ಲೇಪ, ಗುಳ್ಳೆಗುಳ್ಳೆಯಾಗಿ ಎದ್ದು ಅಸಹ್ಯವಾಗಿ ಕಂಡಿತು. ಆಮೇಲೆ ಒಂದೊಂದೇ ಗುಳ್ಳೆ ಕೂತು, ಮೈಯೆಲ್ಲ ಒದ್ದೆ ಹೊಳಪು ಬಂತು. “ಈಗ” ಅಂದರು. ನನ್ನ ತಮ್ಮ ರಾಟೆಯ ಹಗ್ಗ ಎಳೆದ, ಡ್ರಮ್ ಮೇಲಕ್ಕೆ ಹೋಯಿತು, ಬರೀ ಗಾಳಿಯಲ್ಲಿ ನಿಂತ ಬಟ್ಟಲನ್ನು ನಾನು ಉದ್ದ ಇಕ್ಕಳದಲ್ಲಿ ಹಿಡಿದೆ. ಬಿಳಿ ಮೆರುಗಿನ ಬಟ್ಟಲನ್ನು ಅವರು ಕೂಡಲೇ ಹೊಟ್ಟಿಗೆ ಹಾಕಲು ಬಿಡದೆ ಕೆಲವು ಕ್ಷಣ ಹಾಗೇ ಹಿಡಿಸಿದರು. ಚಿಟ್, ಚಿಟ್ ಅಂತ ಸದ್ದು. ತಣಿಯುವಾಗ ಮೆರುಗು ಮಣ್ಣಿಗಿಂತ ಹೆಚ್ಚು ಕುಗ್ಗಿ ಬಿರುಕು ಬಿಡುತ್ತದೆ, ಆ ಬಿರುಕುಗಳಿಗೆ ಹೊಗೆಯ ಇಂಗಾಲ ಇಳಿದು ಕಪ್ಪು ಗೆರೆಗಳ ಬಲೆಯಾಗುತ್ತದೆ. ತಾಮ್ರದ ಮೆರುಗಿನದಕ್ಕೆ ಮಾತ್ರ ಕ್ಷಣವೂ ತಡಮಾಡುವಂತಿಲ್ಲ: ಹೊಟ್ಟಿಗೆ ಹಾಕು, ಮುಚ್ಚಳ ಬಡಿ, ಅಂಚಿಗೆ ಒದ್ದೆ ಕಾಗದ ಒತ್ತು. ಒಳಗೆ ಆಮ್ಲಜನಕ ಸಾಲದೆ ಬೆಂಕಿ ಮೆರುಗಿನೊಳಗಿನದನ್ನೂ ಕಿತ್ತುಕೊಳ್ಳುತ್ತದೆ, ಆಗಲೇ ತಾಮ್ರ ಕೆಂಪಾಗಿ, ಲೋಹವಾಗಿ ಹೊಳೆಯುವುದು. ಬೇಗ ತೆಗೆದರೆ ಹಸಿರಾಗಿಬಿಡುತ್ತದೆ. ತೆಗೆದು ನೋಡೋಣ ಅಂತ ನಾನು ಚಡಪಡಿಸುತ್ತಿದ್ದಾಗ ಮುಚ್ಚಳದ ಮೇಲೆ ಇಟ್ಟಿಗೆ ಹೇರಿ ಕಾವಲು ಕೂತ ತಮ್ಮನಿಗೂ ಒಂದು ಥ್ಯಾಂಕ್ಸ್, ಅವನು ಕೇಳದಿದ್ದರೂ.

ಅಕ್ಕಪಕ್ಕದ ಮನೆಯವರೇ, ಆ ಹೊಗೆಗೆ ನೀವು ಬೈದಿದ್ದರೂ ನ್ಯಾಯವೇ ಆಗಿತ್ತು. ಬೈಯುವ ಬದಲು ಒಣಗಲು ಹಾಕಿದ್ದ ಬಟ್ಟೆ ಒಳಗೆ ತೆಗೆದುಕೊಂಡು, ಮೂರೂ ಬಕೆಟ್ ನೀರು ತುಂಬಿಸಿ ತಂದು ಬೇಲಿಯ ಹತ್ತಿರ ಇಟ್ಟು, ಕಡೆಯವರೆಗೂ ನಿಂತು ನೋಡಿದಿರಿ. ಪಕ್ಕದ ಮನೆಯ ಅಜ್ಜಿ ಸೀಳಿದ ತಟ್ಟೆಯನ್ನೇ ತಮಗೆ ಬೇಕು ಅಂತ ಕೇಳಿ ತೆಗೆದುಕೊಂಡಿದ್ದಾರೆ, ಗಿಡದ ಬುಡಕ್ಕಂತೆ.

ಬಟ್ಟಲುಗಳನ್ನು ನಿಮಗೆಲ್ಲ ಒಂದೊಂದು ತಲುಪಿಸುತ್ತೇನೆ. ನೋಡಲು ಮಾತ್ರ. ಇವು ನೀರು ಹೀರುತ್ತವೆ, ಮೆರುಗೂ ಬಿರುಕು ಬಿಟ್ಟಿದೆ, ಊಟ ತಿಂಡಿಗೆ ಬಳಸಬೇಡಿ. ತಾಮ್ರದ್ದು ಯಾರ ಪಾಲಿಗೆ ಬರುತ್ತದೋ ಅವರು ಬಿಸಿಲಿಗೆ, ತೇವಕ್ಕೆ ಇಡಬೇಡಿ. ಗಾಳಿಯ ಜೊತೆ ಸೇರುತ್ತಾ ಆ ಬಣ್ಣ ನಿಧಾನಕ್ಕೆ ಮಂಕಾಗುತ್ತದೆ, ಆಗ ನನ್ನನ್ನು ಹಿಡಿದು ಕೇಳಬಾರದು.

ಉದ್ದ ಇಕ್ಕಳ ಮತ್ತು ಚರ್ಮದ ಕೈಗವಸು ಎರವಲು ಕೊಟ್ಟ ಕಮ್ಮಾರರೇ, ಎರಡೂ ಜೋಪಾನವಾಗಿವೆ. ಮುಂದಿನ ಸುಡುವಿಕೆಗೆ ಪಾತ್ರೆಗಳು ಆಗಲೇ ಒಣಗುತ್ತಿವೆ, ಹಾಗಾಗಿ ಇನ್ನೂ ಒಂದಿಷ್ಟು ದಿನ ವಾಪಸ್ ಕೇಳಬೇಡಿ.