ಅನಾಥಾಲಯದ ಸೇವೆಗೆ ನೇಪಾಳಕ್ಕೆ ಹೋಗುವ ಮುನ್ನ

ಸಂಪಾದಕರೇ,

ಹದಿನೈದು ದಿನ ಕಠ್ಮಂಡುವಿನ ಅನಾಥಾಲಯದಲ್ಲಿ ಮಕ್ಕಳಿಗೆ ಪಾಠ, ಆಮೇಲೆ ಪೋಖರಾದಲ್ಲಿ ಟ್ರೆಕ್ಕಿಂಗ್, ಕೊನೆಗೊಂದು ಸರ್ಟಿಫಿಕೇಟ್. ಇಂಥ ಪ್ಯಾಕೇಜ್‌ಗೆ ದುಡ್ಡು ಕಟ್ಟಿ ಹೋಗುವವರ ಮನಸ್ಸು ಒಳ್ಳೆಯದೇ, ಅನುಮಾನವಿಲ್ಲ. ಆದರೆ ಆ ಮಕ್ಕಳಲ್ಲಿ ಬಹಳಷ್ಟು ಮಂದಿ ಅನಾಥರೇ ಅಲ್ಲ. ಹುಮ್ಲಾದಂಥ ದೂರದ ಗುಡ್ಡಗಾಡು ಜಿಲ್ಲೆಗಳಿಗೆ ದಲ್ಲಾಳಿಗಳು ಹೋಗಿ, ನಿಮ್ಮ ಮಗನನ್ನು ಪಟ್ಟಣದ ಒಳ್ಳೇ ಶಾಲೆಗೆ ಸೇರಿಸ್ತೀವಿ ಎಂದು ನಂಬಿಸಿ, ಹೆತ್ತವರಿಂದಲೇ ದುಡ್ಡು ಕಿತ್ತು ಮಕ್ಕಳನ್ನು ಕರೆತಂದಿದ್ದಾರೆ. ಅಪ್ಪ ಅಮ್ಮ ಊರಲ್ಲಿ ಬದುಕಿರುವಾಗಲೇ ಸತ್ತರೆಂದು ಸುಳ್ಳು ಕಾಗದ ತಯಾರಾಗುತ್ತದೆ! ಪ್ರವಾಸಿಗರು ಜಾಸ್ತಿ ಓಡಾಡುವ ಕಡೆಯೇ ಅನಾಥಾಲಯಗಳೂ ಜಾಸ್ತಿ ಇರುವುದು ಸುಮ್ನೆ ಅಲ್ಲ. 2015ರ ಭೂಕಂಪದ ನಂತರ, ಅನುಮತಿಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಆಚೆ ಸಾಗಿಸಬಾರದೆಂದು ಅಲ್ಲಿನ ಸರ್ಕಾರವೇ ಹೇಳಬೇಕಾಯಿತು. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ ಇಂಥ ಸೇವೆಯಿಂದಾಗುವ ಹಾನಿಯನ್ನು ತನ್ನ ನಿರ್ಣಯದಲ್ಲಿ ಎತ್ತಿತು.

ಪರಿಚಯವಿಲ್ಲದವರು ಬಂದು ಮುದ್ದು ಮಾಡಿ, ಸೆಲ್ಫಿ ತೆಗೆದು ಹೊರಟುಹೋಗುತ್ತಾರೆ, ಮಗು ಮುಂದಿನ ಗುಂಪಿಗೆ ಅಂಟಿಕೊಳ್ಳುತ್ತದೆ. ನಮ್ಮನೆ ಮಕ್ಕಳ ಹಾಸ್ಟೆಲ್‌ಗೆ ಹೀಗೆ ಯಾರ್ಯಾರೋ ನುಗ್ಗಿದರೆ ಸುಮ್ಮನಿರುತ್ತೇವಾ? ಆ ಪ್ಯಾಕೇಜ್ ದುಡ್ಡನ್ನು ಮಕ್ಕಳನ್ನು ಮರಳಿ ಅಪ್ಪ ಅಮ್ಮನ ಹತ್ತಿರ ಸೇರಿಸುವ ಕೆಲಸಕ್ಕೆ ಕೊಡಬಹುದು ಅಲ್ವಾ? ನಮ್ಮ ಕಾಲೇಜುಗಳೂ ಇಂಥ ಜಾಹೀರಾತನ್ನು ನೋಟಿಸ್ ಬೋರ್ಡಿಗೆ ಹಾಕುವ ಮೊದಲು ಒಂದಿಷ್ಟು ವಿಚಾರಿಸಲಿ.

ಒಬ್ಬ ಓದುಗ, ಮೈಸೂರು